ಉಮ್ಮ ಕೇಳದ ಪ್ರಶ್ನೆ

ಅಧ್ಯಕ್ಷರಾದ ಈಶ್ವರಪ್ರಸಾದರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಇಂಗ್ಲಿಷ್ ಅಧ್ಯಾಪಕ ಪುರಂದರ ಮಾಸ್ತರೇ, ವೇದಿಕೆಯ ಹಿರಿಯರೇ, ಬಂದ್ಯೋಡಿನಿಂದಲೂ ಸೀತಾಂಗೋಳಿಯಿಂದಲೂ ಬಿಸಿಲಲ್ಲಿ ನಡೆದು ಬಂದ ಸಭಿಕರೇ,

ನನ್ನ ಹೆಸರು ಹಲೀಮಾ. ಇದೇ ಶಾಲೆಯಲ್ಲಿ ಓದಿ ಈಗ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಹೆಚ್ಚು ಮಾತನಾಡಿ ಅಭ್ಯಾಸವಿಲ್ಲ.

ಪ್ಯಾರಾಫ್ರೇಸ್ ಎಂದರೇನು? ಓದಿದ ವಾಕ್ಯವನ್ನು ಅರ್ಥ ಕೆಡದಂತೆ ಸ್ವಂತ ಮಾತಿನಲ್ಲಿ ಹೇಳುವುದು. ಅದಕ್ಕೆ ಮಾಸ್ತರರದ್ದೇ ಒಂದು ಕ್ರಮವಿತ್ತು. ಓದಿದ ಪಾಠವನ್ನು ಮೊದಲು ಮನೆಯಲ್ಲಿ ಮನೆಮಾತಿನಲ್ಲಿ ಹೇಳಬೇಕು. ಕೇಳಿದವರು ಒಂದು ಪ್ರಶ್ನೆ ಕೇಳಬೇಕು. ಮರುದಿನ ಆ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕು. ತುಳುವಿನಿಂದಲೂ ಕೊಂಕಣಿಯಿಂದಲೂ ಪ್ರಶ್ನೆಗಳು ಬರುತ್ತಿದ್ದವು. ನಮ್ಮ ಮನೆಮಾತಾದ ಬ್ಯಾರಿಯಿಂದ ನನ್ನ ತಾಯಿ, ಉಮ್ಮ ಐಸಮ್ಮನ ಪ್ರಶ್ನೆ.

ಆಗ ಎರಡನೆಯ ಮಹಾಯುದ್ಧದ ಕಾಲ. ನಮ್ಮ ಪುಸ್ತಕದಲ್ಲಿ ಒಂದು ಪುಟದ ಪಾಠವಿತ್ತು: ಸಮುದ್ರಕ್ಕೆ ಹೋದ ಮಗನಿಗಾಗಿ ಮುದುಕಿಯೊಬ್ಬಳು ಕಿಟಕಿಯಲ್ಲಿ ದೀಪವಿಡುತ್ತಾಳೆ. ಕೆಳಗೆ ಅಚ್ಚಾದ ಪ್ರಶ್ನೆ, ‘ದೀಪದ ಬಣ್ಣ ಯಾವುದು?’ ಉಮ್ಮನ ಪ್ರಶ್ನೆ, “ಮಗ ಬಂದನೋ?”

ಅದನ್ನು ತರಗತಿಯಲ್ಲಿ ಹೇಳಿದಾಗ ಮಾಸ್ತರರು ಪುಟ ಮಗುಚಿದರು. ಮುಂದೆ ಬೇರೆ ಪಾಠ. “ಉಮ್ಮ ಯಾಕೆ ಕೇಳಿದರು?” ಎಂದರು. ನನ್ನ ಅಣ್ಣ ಅದ್ದು ರಂಗೂನಿಗೆ ದುಡಿಯಲು ಹೋಗಿದ್ದಾನೆ, ಸುದ್ದಿಯಿಲ್ಲ ಎಂದೆ.

ಅವರು ಮಂಗಳೂರಿಗೆ ಹೋಗಿ, ಆ ಪಾಠವನ್ನು ಆಯ್ದುಕೊಂಡಿದ್ದ ಕಾದಂಬರಿಯನ್ನೇ ಹುಡುಕಿ ತಂದರು. ಯಾವುದೋ ಚಳಿ ದೇಶದ ಭಾಷೆಯಿಂದ ಇಂಗ್ಲಿಷಿಗೆ ಬಂದ ದಪ್ಪ ಪುಸ್ತಕ. ಪ್ರತಿವಾರ ಸ್ವಲ್ಪ ಸ್ವಲ್ಪ ಓದಿದರು. ಅನುವಾದಗಳನ್ನು ಓದುವ ನನ್ನ ಚಟ ಶುರುವಾದದ್ದು ಅಲ್ಲಿಂದ. ನಮ್ಮ ತಂದೆ, ಉಪ್ಪ ಕುಂಞಮ್ಮದ್, ಪೆರ್ನಾಲ್ ಹಬ್ಬ ಕಳೆದ ಮೇಲೆ ಹುಡುಗಿಗೆ ಶಾಲೆ ಸಾಕು ಎಂದಿದ್ದರು. ಉಮ್ಮ ಹೇಳಿದಳು, “ಕತೆ ಮುಗಿಯಲಿ. ಆಮೇಲೆ ನೋಡುವ.” ಪುಸ್ತಕ ದಪ್ಪವಿದ್ದದ್ದು ನನ್ನ ಪುಣ್ಯ.

ಉಮ್ಮ ವಾರವಾರವೂ ಕೇಳುವುದು ಒಂದೇ ತರ. ಹಡಗಿನಲ್ಲಿ ಮಗನಿಗೆ ಊಟಕ್ಕೆ ಎಂತ ಉಂಟು? ಆ ಊರಲ್ಲಿ ಮೀನು ಸಿಗ್ತದಾ? ನನ್ನ ತರಗತಿಯ ಭುಜಂಗ ನಗುತ್ತಿದ್ದ, “ಹಲೀಮಾ, ನಿನ್ನ ಉಮ್ಮನಿಗೆ ಪಾಠವೋ, ಅಡುಗೆಯೋ?”

ಕೊನೆಯ ಅಧ್ಯಾಯದ ದಿನ ಮಾಸ್ತರರು ಪುಸ್ತಕ ಮುಚ್ಚಿದರು. “ಇದನ್ನು ನಾನು ಓದುವುದಿಲ್ಲ. ನೀವೇ ಬರೆಯಿರಿ.”

“ಓದದೆ ಪ್ಯಾರಾಫ್ರೇಸ್ ಮಾಡುವುದು ಹೇಗೆ ಸಾರ್?” ಎಂದ ಭುಜಂಗ.

“ನೀನು ವರ್ಷವಿಡೀ ಮಾಡಿದ್ದು ಅದನ್ನೇ ಅಲ್ಲವೋ ಮಾರಾಯ?”

ನಾನು ಮಗ ಬಂದನೆಂದು ಬರೆದೆ. ಮನೆಯಲ್ಲಿ, ಕೊನೆಯನ್ನು ಮಾಸ್ತರರು ಓದದೆ ನಮ್ಮಿಂದಲೇ ಬರೆಸಿದರು ಎಂದು ತಿಳಿಸಿ, ಬರೆದ ಹಾಗೆಯೇ ಹೇಳಿದೆ. ಉಮ್ಮ ಅಕ್ಕಿಹಿಟ್ಟಿನ ಪತ್ತಿರಿ ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡಳು. ಪ್ರಶ್ನೆ ಕೇಳಲಿಲ್ಲ. ಮರುದಿನ ಮಾಸ್ತರರು, “ಉಮ್ಮ ಎಂತ ಕೇಳಿದರು?” ಎಂದರು. “ಎಂತದೂ ಇಲ್ಲ ಸಾರ್.” ಅವರು ಆ ದಪ್ಪ ಪುಸ್ತಕವನ್ನು ಚೀಲಕ್ಕೆ ಹಾಕಿ “ಕೂತುಕೋ” ಎಂದರು.

ಕತೆ ಮುಗಿದಿತ್ತು; ಇನ್ನು ನನ್ನ ಶಾಲೆಯೂ ಮುಗಿಯಿತೆಂದುಕೊಂಡೆ. ಅದರ ಮರುದಿನ ಬೆಳಿಗ್ಗೆ ಉಪ್ಪನೇ ಜಗಲಿಯಿಂದ ಹೇಳಿದರು, “ಹೋಗು. ಆ ಮಾಸ್ತರರ ಹತ್ತಿರ ಇನ್ನೊಂದು ಪುಸ್ತಕ ಇರಬಹುದು.” ಒಳಗಿನಿಂದ ವಾರವಾರವೂ ಕೇಳಿಸುತ್ತಿದ್ದ ಕತೆಗೆ ಅವರೂ ಕಿವಿಗೊಟ್ಟಿದ್ದರೆಂದು ನನಗೆ ತಿಳಿದದ್ದು ಆಗಲೇ.

ಕೆಲಸಕ್ಕೆ ಸೇರಿದ ಮೇಲೆ ಆ ಕಾದಂಬರಿಯನ್ನು ನಾನೇ ತರಿಸಿ ಓದಿದೆ. ಮಗ ಬರುವುದಿಲ್ಲ. ನಮ್ಮ ಅದ್ದುವೂ ಬರಲಿಲ್ಲ. ಉಮ್ಮನಿಗೆ ಹೇಳಬೇಕೋ, ಬೇಡವೋ? ಬಹಳ ದಿನ ಯೋಚಿಸಿ, ಒಂದು ಸಂಜೆ ಬಾಯಿ ತೆರೆದೆ.

“ನನಗೆ ಅವತ್ತೇ ಗೊತ್ತುಂಟು” ಎಂದಳು ಉಮ್ಮ. “ಬಂದಿದ್ದರೆ, ಬಂದವನು ಎಂತ ಉಂಡ ಅಂತ ನೀನೇ ಹೇಳ್ತಿದ್ದೆ. ಕೊನೆ ಓದಿದ ಮಾಸ್ತರಿಗೇ ಹೇಳಲಿಕ್ಕೆ ಬಾಯಿ ಬರಲಿಲ್ಲ. ನಾನು ಮತ್ತೆ ಕೇಳಿ ಅವರನ್ನು ಯಾಕೆ ಸಂಕಟಕ್ಕೆ ಹಾಕುವುದು?”

ಮಾಸ್ತರೇ, ನಿಮ್ಮ ಕ್ರಮ ನಮ್ಮ ಮನೆಯಲ್ಲಿ ಇನ್ನೂ ತಪ್ಪಿಲ್ಲ. ಇವತ್ತಿನ ಸಭೆಯ ವಿಷಯ ಹೇಳಿದಾಗ ಉಮ್ಮ ಒಂದು ಪ್ರಶ್ನೆ ಕೊಟ್ಟು ಕಳಿಸಿದ್ದಾಳೆ: “ಒಂಟಿ ಮನುಷ್ಯ. ಇಷ್ಟು ವರ್ಷ ಶಾಲೆಯ ಎದುರಿನ ಹೋಟೆಲಿನಲ್ಲಿ ಉಂಡರು. ನಾಳೆಯಿಂದ ಅವರ ಊಟ ಎಲ್ಲಿ?”

ಉತ್ತರ ಬರೆಯಬೇಕಾಗಿಲ್ಲ ಸಾರ್. ಮನೆಗೆ ಬಂದು ಹೇಳಿದರೆ ಸಾಕು. ಪತ್ತಿರಿ ಇರುತ್ತದೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.