ಸೊಸೆಯ ಆರು ತಿಂಗಳ ಹೊಟ್ಟೆ

ಮರಾಠಿ ಸೀಮೆಯ ಇತವಾರಿ ಪೇಟೆಯ ಬಸ್ ಸಾಲಿನಲ್ಲಿ ಬೆನ್ನ ಹಿಂದೆ ಕನ್ನಡ ಕೇಳಿಸಿದಾಗ ವಾಮನನಿಗೆ ತಿರುಗಿ ಮಾತಾಡಿಸುವ ಆಸೆಯಾಯಿತು. ಮಾತಿನ ಕಾವು ಕೇಳಿ ಧೈರ್ಯ ಸಾಲದೆ ಹಾಗೆಯೇ ನಿಂತ. ಮಾತಾಡುತ್ತಿದ್ದವರು ಯಲ್ಲವ್ವ ಮತ್ತು ಭೀಮಪ್ಪ; ಮಧ್ಯಾಹ್ನದ ಟಿ.ವಿ. ಧಾರಾವಾಹಿಯೊಂದರಲ್ಲಿ ಆಕೆ ನಟಿಯರ ಬಟ್ಟೆ ನೋಡಿಕೊಳ್ಳುತ್ತಿದ್ದಳು, ಅವನು ಲೈಟಿನ ಕೆಲಸದವನು.

“ಹನ್ನೊಂದು ಮಂದೀನ ಒಮ್ಮೆಲೇ ಮನಿಗೆ ಕಳಿಸ್ಯಾರ. ಮುಂದಿನ ಕಂತಿಗೆ ಮಂಜೂರಿ ಬಂದ್ರ ಕರೀತಾರಂತ! ನಾವೇನ್ ಬಾಡಿಗಿ ಕುರ್ಚೇನೋ ತಮ್ಮಾ?”

“ಕುರ್ಚಿ ಇಟ್ಕೊಂಡಾರ ಬಿಡಕ್ಕಾ, ನಮ್ಮನ್ನಷ್ಟ ಕಳಿಸ್ಯಾರ. ಆ ಚೀಲದಾಗ ಏನೈತಿ?”

“ಸೊಸಿ ಹೊಟ್ಟಿ.”

“ಧಾರಾವಾಹಿ ಸೊಸಿ ಬಸುರಿ ಪಾತ್ರಕ್ಕ ಕಟ್ಟೋದಾ? ಕಳ್ಳಿ ಅಂತಾರ ನಿನ್ನ!”

“ಅನ್ಲಿ. ನನ್ನ ಗಾದಿ ಹತ್ತಿ, ನನ್ನ ಹೊಲಿಗಿ. ಎರಡು ಸಲ ಬಿಚ್ಚಿ ಹತ್ತಿ ತುಂಬೀನಿ. ಈಗ ಆರು ತಿಂಗಳಿಗೆ ಬರೋಬರ್ ಕುಂತೈತಿ.”

“ನಾಳಿ ಉಳಿದ ಶೂಟಿಂಗಿಗೆ ದಿಂಬು ಕಟ್ತಾರ, ಅಷ್ಟ.”

“ದಿಂಬಾ? ಆಕಿ ಕುಂತ್ರ ದಿಂಬು ಎದಿಗೆ ಬರ್ತೈತಿ!”

“ಬರ್ಲಿ. ಅವರ ಮಾನ ಹೋಗ್ಲಿ.”

ಬಸ್ಸು ಬಂತು. ಸಾಲು ಮುಂದೆ ಸರಿಯಿತು. ಯಲ್ಲವ್ವ ಮಾತ್ರ ಸರಿಯಲಿಲ್ಲ.

“ನೋಡೋರೆಲ್ಲ ಹಡದ ಹೆಂಗಸ್ರೋ. ಈ ದಿಂಬಿನ ಹೊಟ್ಟಿ ಕಟ್ಟಿದಾಕಿ ಯಾವಾಕಿ ಅಂತ ನಗ್ತಾರ. ನಡಿ, ಆ ಸೊಸಿ ಪಾತ್ರದ ಹುಡುಗಿಗೆ ಇದನ್ನ ಕಟ್ಟೋದು ಕಲಿಸಿ ಬರೋಣು. ಮಾಲಕಗ ನಾಕು ಮಾತು ಅಂದೂ ಬರ್ತೀನಿ.”

“ಕೆಲಸದಿಂದ ತೆಗದ್ ಮ್ಯಾಲೂ?”

“ತೆಗದೋರು ಅವರು. ನಾನೇನ್ ಬಿಟ್ಟೀನೇನು?”

ವಾಮನ ತಿರುಗಿ ನೋಡುವಷ್ಟರಲ್ಲಿ ಆಕೆ ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಕೈಗಾಡಿಗಳ ನಡುವೆ ರಸ್ತೆ ದಾಟುತ್ತಿದ್ದಳು. ಭೀಮಪ್ಪ ಗೊಣಗುತ್ತ ಹಿಂದೆ ಓಡಿದ.