ಕೇಳದೆ ಮಾಡಿದ ಉಪಕಾರ

ಊರು ಯಾವುದೆಂದು ಕೇಳಬೇಡಿ, ಒಂದೂರು ಅಂದುಕೊಳ್ಳಿ. ಹೆಸರು ಹೇಳಿದರೆ ಮುಂದಿನ ಸೋಮವಾರದ ಪ್ರವಚನಕ್ಕೆ ಈ ಮಂಟಪದಲ್ಲಿ ಒಂದು ಕುರ್ಚಿ ಖಾಲಿ ಉಳಿಯುತ್ತದೆ. ಅಲ್ಲೊಬ್ಬ ಶ್ರೀಮಂತನಿದ್ದ, ಅಷ್ಟು ಸಾಕು. ಬಟ್ಟೆ ಅಂಗಡಿಯನ್ನು ಮಗನ ಕೈಗೆ ಕೊಟ್ಟು ಮನೆಯಲ್ಲಿ ಕೂತವನು. ಕೈಗೆ ಕೆಲಸವಿಲ್ಲ, ತಲೆಗೆ ಬಿಡುವಿಲ್ಲ. ಇಂಥವರು ದಿನವಿಡೀ ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ತಾಯಂದಿರಿಗೆ ನಾನು ಹೇಳಬೇಕಿಲ್ಲ. ಮೆಲ್ಲಗೆ ನಗಿ, ಪಕ್ಕದಲ್ಲೇ ಕೂತಿದ್ದಾರೆ.

ಈ ಶ್ರೀಮಂತನಿಗೆ ಒಬ್ಬಳು ಅಕ್ಕ. ಎಪ್ಪತ್ತೆಂಟು ವರ್ಷದವಳು. ಬೀಸುವ ಪದ ಹಾಡುವುದರಲ್ಲಿ ಆಕೆಯನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಪ್ರತಿ ನಾಗರ ಪಂಚಮಿಗೆ ಅಕ್ಕ ತವರಿಗೆ ಬರುವಳು, ತಮ್ಮ ಸೀರೆ ಕೊಟ್ಟು ಉಡಿ ತುಂಬಿಸುವನು. ಈ ಸಲ ಸೀರೆಯ ಜೊತೆಗೆ ಆಕೆಯ ಪದಗಳ ಪುಸ್ತಕವನ್ನೇ ಉಡಿಗೆ ಹಾಕಬೇಕು ಎಂದು ಅವನ ಆಸೆ. ಒಳ್ಳೆಯ ಆಸೆಯೋ ಅಲ್ಲವೋ? ಒಳ್ಳೆಯದೇ.

ಒಂದು ವರ್ಷ, ದಿನಾ ಸಂಜೆ, ಅಕ್ಕ ಫೋನಿನಲ್ಲಿ ಹಾಡಿದಳು. ತಮ್ಮ ಒಂದೇ ಬೆರಳಿನಿಂದ ಕಂಪ್ಯೂಟರಿನಲ್ಲಿ ಕುಟ್ಟಿದ. ಇನ್ನೂರ ಹನ್ನೆರಡು ಪದಗಳಾದವು. ಕಾಗದದ ಮೇಲೆ ಒಂದಕ್ಷರವಿಲ್ಲ, ಎಲ್ಲವೂ ಆ ಪೆಟ್ಟಿಗೆಯ ಹೊಟ್ಟೆಯೊಳಗೆ. ಅಷ್ಟರಲ್ಲಿ ಮೊದಮೊದಲು ಹಾಡಿದ ಕೆಲವು ಪದ ಅಕ್ಕನಿಗೇ ಮರೆತುಹೋಗಿದ್ದವು. ಅಂದರೆ, ನೋಡಿ, ಆ ಪದಗಳಿಗೆ ಲೋಕದಲ್ಲಿ ಉಳಿದದ್ದು ಅದೊಂದೇ ಮನೆ.

ಪಂಚಮಿಗೆ ನಾಲ್ಕು ದಿನ ಇತ್ತು. ಇವತ್ತು ಅಚ್ಚು ಹಾಕುವುದು ಎಂದು ನಿಶ್ಚಯಿಸಿ, ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಂಪ್ಯೂಟರಿನ ಗುಂಡಿ ಒತ್ತಿದ. ನೀಲಿ ಪರದೆ ಬಂತು. ನಡುವೆ ಒಂದು ಚಕ್ರ ತಿರುಗುತ್ತಿದೆ. ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ, ಹತ್ತು ಪರ್ಸೆಂಟ್. ಅವನು ಚಹಾ ಕುಡಿದು ಬಂದ, ಹದಿನೈದು. ಉಪ್ಪಿಟ್ಟು ತಿಂದು ಬಂದ, ನಲವತ್ತು. ಪೇಪರಿನ ಶ್ರದ್ಧಾಂಜಲಿಗಳನ್ನೆಲ್ಲ ಓದಿ ಮುಗಿಸಿದ, ತೊಂಬತ್ತೊಂಬತ್ತು. ಅಲ್ಲಿ ಬಂದು ಕೂತಿತು ನೋಡಿ, ಊಟವಾದ ಮೇಲೂ ಏಳದ ಬೀಗರ ಹಾಗೆ.

ಕೊನೆಗೊಮ್ಮೆ ತೆರೆಯಿತು. ತೆರೆದ ಕೂಡಲೇ ಒಂದು ಸಂದೇಶ: ‘ಎಲ್ಲವನ್ನೂ ನಿಮಗಾಗಿ ಇನ್ನಷ್ಟು ಉತ್ತಮಗೊಳಿಸಿದ್ದೇವೆ.’ ಸಂತೋಷ. ಪರದೆಯ ತಳದಲ್ಲಿ ಎಡಕ್ಕಿದ್ದ ಗುಂಡಿಗಳು ನಡುವಿಗೆ ಬಂದಿದ್ದವು. ಪ್ರಿಂಟರು ತಾನು ಈ ಮನೆಯದೇ ಅಲ್ಲ ಎಂಬಂತೆ ಸುಮ್ಮನೆ ಕೂತಿತ್ತು. ಪದಗಳ ಕಡತ ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ, ಕಾಗೆ ಕಾಲು, ಗುಬ್ಬಿ ಕಾಲು. ಇನ್ನೂರ ಹನ್ನೆರಡು ಪದ, ಮೊದಲಿನಿಂದ ಕೊನೆಯವರೆಗೆ ಹಾಗೆಯೇ.

ಅವನ ಬಾಯಿ ತೆರೆಯಿತು.

“ಯಾರನ್ನ ಕೇಳಿ ಮಾಡಿದಿ? ನನ್ನ ಸಾಮಾನಿಗೆ ಕೈ ಹಚ್ಚಬೇಕಾರ ನನ್ನನ್ನ ಒಂದ ಮಾತು ಕೇಳಬೇಕೋ ಬ್ಯಾಡೋ? ಒಳ್ಳೇದ ಮಾಡೀನಿ ಅಂತ. ಯಾರು ಬೇಡಿದ್ರು ನಿನ್ನ ಒಳ್ಳೇದು?”

ಕಂಪ್ಯೂಟರ್ ಉತ್ತರ ಕೊಡಲಿಲ್ಲ. ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೊಟ್ಟಳು.

“ಈ ಮಾತು ಈ ಮನ್ಯಾಗ ಕೇಳಿ ಬಾಳ ದಿನ ಆಗಿಲ್ರಿ.”

“ಯಾರಂದಿದ್ರು?”

“ನಾನ. ಹೋದ ತಿಂಗಳ ತವರಿಂದ ಬಂದು ಅಡಗಿಮನಿ ಬಾಗಲ್ದಾಗ ನಿಂತು ಅಂದಿದ್ದೆ. ನಿಮಗ ಕೇಳಿಸಿರಲಿಕ್ಕಿಲ್ಲ.”

ಏನಾಗಿತ್ತೆಂದರೆ, ಹೆಂಡತಿ ಎಂಟು ದಿನ ತವರಿಗೆ ಹೋದಾಗ ಈ ಪುಣ್ಯಾತ್ಮ ಅವಳ ಹಳೆಯ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿ, ಗಾಜಿನ ಜಾಡಿ ತಂದು, ಚೀಟಿ ಅಂಟಿಸಿ, ಅಕಾರಾದಿಯಾಗಿ ಜೋಡಿಸಿಟ್ಟಿದ್ದ. ಅರಿಶಿನದ ಪಕ್ಕ ಅವಲಕ್ಕಿ, ಸಕ್ಕರೆಯ ಪಕ್ಕ ಸಾಸಿವೆ. ಮೂವತ್ತೈದು ವರ್ಷ ಕಣ್ಣುಮುಚ್ಚಿ ಒಗ್ಗರಣೆ ಹಾಕಿದ ಹೆಂಗಸು, ಎಣ್ಣೆ ಕಾದು ಹೊಗೆ ಬಂದರೂ ಜೀರಿಗೆ ಹುಡುಕುತ್ತ ನಿಂತಿದ್ದಳು.

“ನಿನಗ ಅನುಕೂಲ ಆಗಲಿ ಅಂತ ಮಾಡಿದ್ದಲಾ.”

“ಅದೂ ಹಂಗ ಅಂತೈತಲ್ರಿ, ನಿಮ್ಮ ಪೆಟಿಗಿ. ನನ್ನದು ಹೋಗಲಿ. ಸೊಸಿದು ಸಣ್ಣ ಸ್ಕೂಟರ್ ಮಾರಿ ದೊಡ್ಡದು ತಂದ್ರಿ. ಆಕಿ ಕಾಲು ನೆಲಕ್ಕ ಹತ್ತಂಗಿಲ್ಲ. ಸಿಗ್ನಲ್ ಬಂದಾಗೊಮ್ಮೆ ಬಾಜೂದವರ ಹೆಗಲು ಹಿಡೀತಾಳ.”

ಶ್ರೀಮಂತ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕೋರ್ಟಿನ ಹಿಂದಿನ ಡಿಟಿಪಿ ಅಂಗಡಿಗೆ ನಡೆದ. ಅಲ್ಲೊಬ್ಬ ಹೆಣ್ಣುಮಗಳು, ಇಪ್ಪತ್ತು ವರ್ಷದಿಂದ ಊರಿನ ಅರ್ಜಿ, ಲಗ್ನಪತ್ರಿಕೆಗಳನ್ನೆಲ್ಲ ಟೈಪ್ ಮಾಡಿದವಳು. ಕಾಗೆ ಕಾಲು, ಗುಬ್ಬಿ ಕಾಲು ನೋಡಿ ಅವಳು ಗಾಬರಿಯಾಗಲಿಲ್ಲ.

“ಪದ ಎಲ್ಲೂ ಹೋಗಿಲ್ರಿ ಕಾಕಾರ. ನೀವು ಬರದದ್ದು ಹಳೇ ಅಕ್ಷರದಾಗ, ಅಂದ್ರ ಹಳೇ ಫಾಂಟಿನಾಗ. ಹೊಸಾದು ಬಂದು ಆ ಅಕ್ಷರ ತಗದು ಒಗದೈತಿ.” ಮೂಲೆಯಲ್ಲಿದ್ದ, ಬಣ್ಣ ಹಳದಿಯಾದ ಒಂದು ಕಂಪ್ಯೂಟರನ್ನು ತೋರಿಸಿದಳು. “ಅದರಾಗ ಇನ್ನೂ ಅದಾವು. ಅದಕ್ಕ ನಾ ಇಂಟರ್ನೆಟ್ ಹಚ್ಚೇ ಇಲ್ಲ. ಹಚ್ಚಿದ್ರ ಉಪಕಾರ ಮಾಡಾಕ ಬರತಾವು.”

ಹಳೆಯ ಯಂತ್ರದಲ್ಲಿ ಪೆನ್‌ಡ್ರೈವ್ ಹಾಕಿದಳು. ಕನ್ನಡ ಮೂಡಿತು, ಪೂರ್ತಿ ಕನ್ನಡ. ಶ್ರೀಮಂತ ಕಣ್ಣು ಒರೆಸಿಕೊಂಡ. ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಅವನೂ ಹಾಗೆಯೇ ಅಂದುಕೊಂಡಿದ್ದ. ಆದರೆ ಆ ಹೆಣ್ಣುಮಗಳು ಮೊದಲ ಪದವನ್ನು ಗಟ್ಟಿಯಾಗಿ ಓದಿದಳು.

“‘ಬೀಸುವ ಕಲ್ಲೇ, ನಿನ್ನ ಬಾಯಿಗೆ ಜೋಳದ ಆಹಾರ, ನನ್ನ ಬಾಯಿಗೆ ನಿನ್ನ ಸಾಹಿತ್ಯ.’” ಓದಿ, ನಿಲ್ಲಿಸಿದಳು. “ಕಾಕಾರ, ನಮ್ಮವ್ವನೂ ಬೀಸತಿದ್ಲು. ಬೀಸಾಕ ಕುಂತಾಕಿ ‘ಸಾಹಿತ್ಯ’ ಅಂದದ್ದು ನಾ ಕೇಳಿಲ್ಲ.”

“ಅಕ್ಕ ಬ್ಯಾರೆ ಅಂದಿದ್ಲು. ಪುಸ್ತಕಕ್ಕ ಚಂದ ಇರಲಿ ಅಂತ ನಾನ ಸ್ವಲ್ಪ ತಿದ್ದೀನಿ.”

“ಎಲ್ಲಾ ಪದಾನೂ?”

“ಅಲ್ಲಲ್ಲಿ.”

“ಅಕ್ಕಾರನ್ನ ಕೇಳಿದ್ರ್ಯಾ?”

ಶ್ರೀಮಂತ ಮೇಜಿನ ಮೇಲಿದ್ದ ಲಗ್ನಪತ್ರಿಕೆಯೊಂದನ್ನು ತಿರುವಿ ನೋಡತೊಡಗಿದ. ಅವಳು ಕೀಲಿಗಳಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. “ಹಿಂಗ ಇರಲೋ, ಮೊದಲಿನಂಗ ಹಾಕಲೋ ಹೇಳ್ರಿ. ನೀವು ಹೇಳದ ನಾ ಒಂದಕ್ಷರ ಮುಟ್ಟಂಗಿಲ್ಲ.”

ನೋಡಿ, ಅವನಿಗೆ ತಾಗಿದ್ದು ಇದು. ಯಂತ್ರ ಒಂದು ಮುಂಜಾನೆ ಕೆಡಿಸಿದ್ದನ್ನು ಒಬ್ಬ ಹೆಣ್ಣುಮಗಳು ಎರಡು ನಿಮಿಷದಲ್ಲಿ ಸರಿ ಮಾಡಿದಳು. ತಾನು ಒಂದು ವರ್ಷ ಕೂತು ಚಂದ ಮಾಡಿದ್ದನ್ನು ಯಾರು ಸರಿ ಮಾಡಬೇಕು? ಅಲ್ಲಿಂದಲೇ ಅಕ್ಕನಿಗೆ ಫೋನು ಹಚ್ಚಿದ.

“ಅಕ್ಕಾ, ನಿನ್ನ ಪದದಾಗ ನಾ ಅಲ್ಲಲ್ಲಿ ಮಾತು ಬದಲ ಮಾಡೀನಿ. ನಿನ್ನ ಕೇಳಲಿಲ್ಲ.”

“ಮೊದಲನೇದ್ದು ಓದು,” ಅಂದಳು ಅಕ್ಕ. ಓದಿದ. ಅಕ್ಕ ನಕ್ಕಳು, ಕೆಮ್ಮು ಬರುವವರೆಗೆ ನಕ್ಕಳು. “ಅಲ್ಲೋ ಶ್ಯಾಣ್ಯಾ, ಅದು ‘ಕಲ್ಲವ್ವ, ನಿನ ಬಾಯಿಗೆ ಜ್ವಾಳದ ತುತ್ತ, ನನ ಬಾಯಿಗೆ ನಿನ್ನ ಪದ’. ಅವ್ವ ಹೇಳಿದ್ದು. ಅವ್ವನ್ನ ತಿದ್ದಿದ್ಯಾ ನೀ?”

“ಬರೀಬೇಕಾರ ಚಂದ ಕಾಣಿಸ್ತು.”

“ಅಚ್ಚು ಹಾಕಿಸಬ್ಯಾಡ, ಹಂಗ ಇಡು. ನಾ ಬಂದ ಮ್ಯಾಲ ಒಂದೊಂದ ಓದಿ ಹೇಳು. ನೆನಪಾದದ್ದು ಹೇಳತೀನಿ. ನೆನಪಾಗದದ್ದು ಹೋತು.”

ಪಂಚಮಿಗೆ ಉಡಿಯಲ್ಲಿ ಪುಸ್ತಕ ಬೀಳಲಿಲ್ಲ. ಅಕ್ಕ ಬಂದಳು, ಹಬ್ಬದ ಉಂಡಿ ತಿಂದಳು, ಹನ್ನೊಂದು ದಿನ ಇದ್ದು ಪದಗಳನ್ನು ತನ್ನ ಮಾತಿಗೆ ತಿರುಗಿಸಿದಳು. ನೂರ ತೊಂಬತ್ತು ತಿರುಗಿ ಬಂದವು. ಇಪ್ಪತ್ತೆರಡು ಬರಲಿಲ್ಲ. ಅವು ಇಂದಿಗೂ ತಮ್ಮನ ಮಾತಿನಲ್ಲೇ ಇವೆ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಕಂಪ್ಯೂಟರಿಗೆ ಬೈಯುವುದು ಸುಲಭ. ಬೈಯಿರಿ, ಅದಕ್ಕೆ ಅದು ತಕ್ಕದ್ದೇ. ಬೈದು ಮುಗಿದ ಮೇಲೆ, ಮುಖ್ಯವಾದದ್ದನ್ನು ಇನ್ನೊಂದು ಕಡೆ ನಕಲು ಮಾಡಿ ಇಟ್ಟುಕೊಳ್ಳಿ. ದೇವರ ಮೇಲೆ ಭಕ್ತಿ ಇರಲಿ, ಯಂತ್ರದ ಮೇಲೆ ಬೇಡ. ಆದರೆ ಆ ಯಂತ್ರ ಕೇಳಿದಾಗಲೂ ಅದು ಕೇಳುವ ರೀತಿಯನ್ನು ಗಮನಿಸಿದ್ದೀರಾ? ‘ಮಾಡಲೇ’ ಎಂದು ಕೇಳುವುದಿಲ್ಲ. ‘ಈಗ ಮಾಡಲೋ, ಆಮೇಲೆ ಮಾಡಲೋ’ ಎನ್ನುತ್ತದೆ. ಬೇಡ ಎನ್ನುವುದಕ್ಕೆ ಅಲ್ಲಿ ಗುಂಡಿಯೇ ಇಲ್ಲ. ನಾವು ಮಗಳನ್ನು ಕೇಳುವುದು ಹೇಗೆ? ‘ಲಗ್ನ ವೈಶಾಖದಲ್ಲೋ, ಮಾಘದಲ್ಲೋ?’ ಸೊಸೆಯನ್ನು ಕೇಳುವುದು ಹೇಗೆ? ‘ಕೆಲಸ ಈ ತಿಂಗಳು ಬಿಡುತ್ತೀಯೋ, ಮುಂದಿನ ತಿಂಗಳೋ?’ ಕೇಳಿದೆವು ಎಂದು ನಮಗೆ ಸಮಾಧಾನ.

ಅದಕ್ಕೇ ಒಂದೇ ಮಾತು ಒಯ್ಯಿರಿ. ಇನ್ನೊಬ್ಬರ ಡಬ್ಬಿ, ಇನ್ನೊಬ್ಬರ ಮಾತು, ಇನ್ನೊಬ್ಬರ ಬಾಳು, ಯಾವುದನ್ನಾದರೂ ಚಂದ ಮಾಡಬೇಕು ಅನ್ನಿಸಿದಾಗ ‘ಮಾಡಲೇ?’ ಎಂದು ಕೇಳಿ. ಕೇಳಿ ನಿಲ್ಲಿ, ಉತ್ತರ ಬರುವವರೆಗೆ ನಿಲ್ಲಿ. ಬೇಡ ಎಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಮುಖ ದಪ್ಪ ಮಾಡಬೇಡಿ.

ನಾಳೆಯಿಂದ ಎನ್ನಬೇಡಿ. ಈಗ ಪ್ರಸಾದಕ್ಕೆ ಏಳುತ್ತೀರಿ. ಪಕ್ಕದವರ ಎಲೆ ತೋರಿಸಿ ‘ಇವರಿಗೆ ಇನ್ನೊಂದು ಸವುಟು ಹಾಕಿ’ ಎನ್ನುವ ಮೊದಲು ಅವರನ್ನೊಂದು ಮಾತು ಕೇಳಿ. ಅಲ್ಲಿಂದಲೇ ಶುರುವಾಗಲಿ.