ಕ್ಯಾಂಪಿಗೆ ಅಕ್ಕನ ಅಪ್ಪಣೆ

ಹೂಂ... ಇದು ತಟ್ಟೆ, ಇದು ಲೋಟ, ಇದು ಟಾರ್ಚು. ಹೊಸ ಸೆಲ್ಲು ಹಾಕಿಸಿದ್ದೀನಿ, ನೋಡು, ಉರಿಯುತ್ತೆ. ಅಯ್ಯೋ, ಕಣ್ಣಿಗೆ ಬಿತ್ತಾ ಅಕ್ಕ? ನಿನ್ನ ಫೋಟೋದ ಗಾಜು ಕಣಕ್ಕ, ಹೊಳೆದುಬಿಡ್ತು... ಯಾಕೆ ನಗ್ತೀಯಾ? ಸ್ಟುಡಿಯೋದವನು ‘ಸ್ವಲ್ಪ ನಗಿಯಮ್ಮ’ ಅಂದಿದ್ದಕ್ಕೆ ನಕ್ಕವಳು ನೀನು. ಅವನು ಅಂಗಡಿ ಮುಚ್ಚಿಕೊಂಡು ಹೋಗಿ ಎಷ್ಟು ಕಾಲ ಆಯ್ತು, ನೀನು ಮಾತ್ರ ನಿಲ್ಲಿಸಲಿಲ್ಲ!

ನಗು, ನಗು. ಕ್ಯಾಂಪಿನ ಸಾಮಾನಿಗೆಲ್ಲ ವಿಭೂತಿ ಹಚ್ಚಿ ಸತ್ತವಳ ಮುಂದೆ ಇಡೋಳು ಇಡೀ ಕೃಷ್ಣಮೂರ್ತಿಪುರಂನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡ್ಲಿ? ಮದುವೆ ದಿನವೇ ಅತ್ತೆ ನಿನ್ನ ಹೆಸರಿನ ಪದಕ ನನ್ನ ಕೊರಳಿಗೆ ಹಾಕಿ ಹೇಳಿಬಿಟ್ರು, ‘ಹೊಸದು ಏನೇ ತಂದರೂ ಮೊದಲು ನಿಮ್ಮಕ್ಕನಿಗೆ ತೋರಿಸು. ಅವಳು ನೋಡದ್ದನ್ನ ನೀನು ಮುಟ್ಟಬೇಡ.’ ಸೀರೆ ತೋರಿಸಿದೆ, ಬಳೆ ತೋರಿಸಿದೆ, ಮಿಕ್ಸಿ ಕೂಡ ತೋರಿಸಿದೆ! ಅದಕ್ಕೂ ಹೂ ಬೀಳಿಸಿ ಅಪ್ಪಣೆ ಕೊಟ್ಟೆ, ಪುಣ್ಯಾತ್ಗಿತ್ತಿ. ಈಗ ಈ ಹಗ್ಗ. ತಗೋ, ನೋಡ್ಕೋ. ಗಂಟು ಹಾಕೋಕಂತೆ. ನಿನ್ನ ಮಗಳು ಬಿಂದುಶ್ರೀ ಕಿಟಕಿ ಸರಳಿಗೆಲ್ಲ ಗಂಟು ಹಾಕಿಟ್ಟು, ಸ್ಕಾರ್ಫು ಇಸ್ತ್ರಿ ಮಾಡಿಸೋಕೆ ಹೋಗಿದ್ದಾಳೆ. ಬರೋದರೊಳಗೆ ನಾವು ಮಾತು ಮುಗಿಸಿಬಿಡೋಣ.

ಸ್ಕೌಟು, ಗೈಡ್ಸು ಮಕ್ಕಳ ಮನೆಯವರೆಲ್ಲ ಸೇರೋ ಕ್ಯಾಂಪು. ತಲಕಾಡಿನ ಹತ್ರ ಹೊಳೆ ದಂಡೇಲಿ ಟೆಂಟು. ನಾಳೆ ಬೆಳಗ್ಗೆ ಸ್ಕೂಲ್ ಮುಂದೆ ಬಸ್ಸು. ಭಾವನೂ ಬರ್ತಾರೆ... ನೋಡು, ಅವರನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತು, ನಿನ್ನ ಮುಂದೆ ಮಾತ್ರ ಬಾಯಿಗೆ ‘ಭಾವ’ ಅಂತಲೇ ಬರುತ್ತೆ. ಅವರಿಗೆ ಹೇಳಿಗೀಳೀಯಾ ಮತ್ತೆ!

ಹಾಸೋಕೆ ಜಮಖಾನ ಬೇಕಾಗಿತ್ತು, ನಿನ್ನ ಟ್ರಂಕು ತೆಗೆದೆ. ನುಸಿಗುಳಿಗೆ ವಾಸನೆ ತಾನೇ ಬರಬೇಕು? ಸೀಗೆಕಾಯಿ ವಾಸನೆ... ಒದ್ದೆ ಕೂದಲಿನ ವಾಸನೆ. ಯಾರೋ ಈಗಷ್ಟೇ ತಲೆಗೆ ಹಾಕ್ಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತ ಹಾಗೆ. ನಾನು ತಿರುಗಲಿಲ್ಲ. ಯಾಕೆ ತಿರುಗಲಿ? ಮುಚ್ಚಳ ಹಾಕಿ ಬಂದೆ. ನಮ್ಮ ಹಳೇ ಕಂಬಳಿಯೇ ಸಾಕು, ಬಿಡು.

ಇನ್ನೊಂದು ಮಾತು. ದೊಡ್ಡದೇನಲ್ಲ... ಕ್ಯಾಂಪಲ್ಲಿ ಬಿಂದು ನನ್ನ ಚಿಕ್ಕಮ್ಮ ಅನ್ನಲ್ಲ. ಅಮ್ಮ ಅಂತಾಳೆ. ಅಲ್ಲಿರೋವರೆಗೆ ಮಾತ್ರ! ಹಾಗೆ ನೋಡಬೇಡ ಅಕ್ಕ. ನಾನೇನು ಕೇಳಲಿಲ್ಲಪ್ಪ. ಅವಳೇ ಬಂದು, ‘ಎಲ್ಲರೂ ಅವರವರ ಅಮ್ಮನ್ನ ಕರ್ಕೊಂಡು ಬರ್ತಾರೆ, ನಾನೂ ನಿನ್ನ ಅಮ್ಮ ಅಂತೀನಿ’ ಅಂದಳು. ಮಗು ಆಸೆಪಟ್ಟು ಕೇಳಿದಾಗ ಬೇಡ ಅನ್ನೋಕಾಗುತ್ತಾ? ನೀನೇ ಹೇಳು.

ಹೇಳು... ಹೂವಾದ್ರೂ ಬೀಳಿಸು. ಮಿಕ್ಸಿಗೆ ಬೀಳಿಸಿದವಳಿಗೆ ಇದಕ್ಕೇನು ಕಷ್ಟ?

ನೀನು ಹೆತ್ತ ತಿಂಗಳಿಗೇ ಎದ್ದು ಹೋದೆ. ನಾನು ಆಗತಾನೇ ಎಸ್ಸೆಲ್ಸಿ ಬರೆದು ಕೂತಿದ್ದೆ. ಮಗು ನೋಡ್ಕೊಳ್ಳೋಕೆ ಅಂತ ಕರ್ಕೊಂಡು ಬಂದ್ರು, ಇಲ್ಲೇ ಉಳಿಸಿಕೊಂಡ್ರು. ನೀನು ನಿನ್ನ ಮನೆ ಕೊಟ್ಟೆ, ಗಂಡನ್ನ ಕೊಟ್ಟೆ. ನಾನು ಕೇಳದೇ ಇದ್ದದ್ದನ್ನೆಲ್ಲ ಕೊಟ್ಟೆ. ಅವಳಿಗೆ ಮಾತು ಬಂದಾಗ ‘ಚಿಕ್ಕಮ್ಮ ಅನ್ನು’ ಅಂತ ಕಲಿಸಿದ್ದು ಅತ್ತೆ. ನಾನು ಬಾಯಿ ಬಿಡಲಿಲ್ಲ. ಇಷ್ಟು ಬಾಯಿ ಇರೋಳು, ಅದಕ್ಕೆ ಮಾತ್ರ ಬಿಡಲಿಲ್ಲ! ಈಗ ಇದೊಂದನ್ನ ಕೇಳ್ತಿದ್ದೀನಿ...

ಯಾಕೆ ಸುಮ್ಮನಿದ್ದೀಯಾ? ಏನು ಗೊತ್ತು ನಿಂಗೆ?

ಸರಿ! ಸರಿ, ಅವಳು ಕೇಳಲಿಲ್ಲ. ನಾನೇ ಕೇಳಿದ್ದು. ಜಡೆ ಹಾಕ್ತಾ ಹಾಕ್ತಾ, ನನ್ನ ಮುಖ ಅವಳಿಗೆ ಕಾಣದ ಹಾಗೆ ಹಿಂದೆ ಕೂತು ಕೇಳಿದೆ. ‘ಅಲ್ಲಿ ಮಾತ್ರ ಅಮ್ಮ ಅನ್ನು ಮಗಳೇ’ ಅಂದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ‘ಅಮ್ಮನ್ನ ಕೇಳಿ ಹೇಳ್ತೀನಿ ಚಿಕ್ಕಮ್ಮ’ ಅಂದಳು.

ಅರ್ಧ ಜಡೇಲೇ ಎದ್ದು ಬಂದು ಇಲ್ಲಿ ನಿಂತಳು. ನಾನು ಬಾಗಿಲ ಮರೆಯಿಂದ ನೋಡ್ತಿದ್ದೆ. ತುಂಬ ಹೊತ್ತು ನಿನ್ನನ್ನೇ ನೋಡ್ತಾ ನಿಂತಿದ್ದು, ಆಮೇಲೆ ತಲೆ ಆಡಿಸಿದಳು... ಯಾರೋ ಹೇಳಿದ್ದಕ್ಕೆ ‘ಆಯ್ತು’ ಅನ್ನೋ ಹಾಗೆ.

ಅವತ್ತಿಂದ ಅವಳು ನನ್ನ ಏನಂತಲೂ ಕರೀತಿಲ್ಲ ಅಕ್ಕ. ಚಿಕ್ಕಮ್ಮನೂ ಇಲ್ಲ, ಅಮ್ಮನೂ ಇಲ್ಲ. ‘ಇಲ್ಲಿ ನೋಡು’ ಅಂತಾಳೆ. ‘ನನ್ನ ಊಟ ಆಯ್ತು’ ಅಂತಾಳೆ. ಅಷ್ಟೇ.

ಗೇಟಿನ ಸದ್ದು... ಬಂದಳು. ಬೇಗ, ನನಗಾದ್ರೂ ಹೇಳಿಬಿಡು ಅಕ್ಕ. ಅವತ್ತು ಮಗುಗೆ ಏನು ಹೇಳಿ ಕಳಿಸಿದೆ?